ಶ್ವಾಸಕೋಶದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮುನ್ನ ನೀಡುವ ಸಂಯುಕ್ತ ಚಿಕಿತ್ಸೆ

ಚಿಕಿತ್ಸೆಯ ಸ್ವರೂಪ
ಶ್ವಾಸಕೋಶದ ಗಡ್ಡೆಯನ್ನು ತೆಗೆಯುವ ಮೊದಲು ಇಮ್ಯುನೊಥೆರಪಿ ಹಾಗೂ ಕೀಮೋಥೆರಪಿಯನ್ನು ಒಟ್ಟಾಗಿ ನೀಡುವ ಕ್ರಮ ಇದಾಗಿರುತ್ತದೆ. ಇದು ನಾನ್-ಸ್ಮಾಲ್ ಸೆಲ್ ವಿಧದ ಕ್ಯಾನ್ಸರ್‌ಗೆ ಸಂಬಂಧಿಸಿದ್ದು, ಗಡ್ಡೆಯು 4 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದಲ್ಲಿ ಇಲ್ಲವೇ ದುಗ್ಧಗ್ರಂಥಿಗಳಿಗೆ ಹರಡಿದ್ದು ಶಸ್ತ್ರಚಿಕಿತ್ಸೆ ಸಾಧ್ಯವಿದ್ದಲ್ಲಿ ಪರಿಗಣಿಸಲಾಗುತ್ತದೆ.

ಕಾರ್ಯವಿಧಾನ
ದೇಹದ ರಕ್ಷಕ ಕೋಶಗಳನ್ನು ಕ್ಯಾನ್ಸರ್ ಕೋಶಗಳು ತಡೆದು ನಿಲ್ಲಿಸುತ್ತವೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮುಂತಾದ ಔಷಧಗಳು ಆ ತಡೆಯನ್ನು ತೆಗೆಯುತ್ತವೆ. ಗಡ್ಡೆಯು ದೇಹದಲ್ಲಿರುವಾಗಲೇ ಔಷಧ ನೀಡಿದಲ್ಲಿ ರಕ್ಷಕ ಕೋಶಗಳು ಅದನ್ನು ಗುರುತಿಸಲು ಕಲಿಯುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಉಳಿದಿರಬಹುದಾದ ಕೋಶಗಳನ್ನೂ ಎದುರಿಸಬಲ್ಲವು ಎಂಬುದು ಇದರ ತತ್ತ್ವ.

ಫಲಿತಾಂಶ
358 ರೋಗಿಗಳನ್ನು ಒಳಗೊಂಡ ಚೆಕ್‌ಮೇಟ್ 816 ಅಧ್ಯಯನದಲ್ಲಿ, ನಿವೊಲುಮ್ಯಾಬ್ ಮತ್ತು ಕೀಮೋಥೆರಪಿಯನ್ನು ಮೂರು ವಾರಗಳಿಗೊಮ್ಮೆ ಮೂರು ಸುತ್ತು ಪಡೆದವರ ಪೈಕಿ ಶೇ. 24ರಷ್ಟು ಮಂದಿಯ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕೋಶಗಳು ಕಂಡುಬರಲಿಲ್ಲ. ಕೀಮೋಥೆರಪಿ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ. 2.2. ಐದು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಕ್ರಮವಾಗಿ ಶೇ. 65 ಮತ್ತು ಶೇ. 55. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2022ರ ಮಾರ್ಚ್‌ನಲ್ಲಿ ಈ ಕ್ರಮಕ್ಕೆ ಅನುಮೋದನೆ ನೀಡಿತು. ಸಂಯುಕ್ತ ಚಿಕಿತ್ಸೆ ಪಡೆದವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು ಶೇ. 83, ಉಳಿದವರಿಗೆ ರೋಗದ ಬೆಳವಣಿಗೆ ಮುಂತಾದ ಕಾರಣಗಳಿಂದ ಅದು ಸಾಧ್ಯವಾಗಲಿಲ್ಲ.

ಮೊದಲ ಸುತ್ತಿಗೆ ಮುನ್ನ ಆಗಬೇಕಾದುದು
1. ಬಯಾಪ್ಸಿ ಮಾದರಿಯಲ್ಲಿ ಇಜಿಎಫ್‌ಆರ್ ಮತ್ತು ಎಎಲ್‌ಕೆ ಜೀನ್ ಪರೀಕ್ಷೆಗಳ ವರದಿ ಬಂದಿರತಕ್ಕದ್ದು. ಈ ಬದಲಾವಣೆಗಳಿದ್ದವರಿಗೆ ಇಮ್ಯುನೊಥೆರಪಿಯ ಪ್ರಯೋಜನ ಕಡಿಮೆ. ಇಮ್ಯುನೊಥೆರಪಿ ಪಡೆದ ಕೆಲವೇ ಸಮಯದಲ್ಲಿ ಒಸಿಮರ್ಟಿನಿಬ್ ಮಾತ್ರೆ ಆರಂಭಿಸಿದಲ್ಲಿ ಶ್ವಾಸಕೋಶದ ತೀವ್ರ ಉರಿಯೂತ ಉಂಟಾಗುವ ಸಂಭವವಿರುತ್ತದೆ.
2. ಶಸ್ತ್ರಚಿಕಿತ್ಸಕರು ಹಾಗೂ ಕ್ಯಾನ್ಸರ್ ಔಷಧ ತಜ್ಞರು ಜೊತೆಯಾಗಿ ಚಿಕಿತ್ಸಾಕ್ರಮವನ್ನು ನಿರ್ಧರಿಸಿರಬೇಕು.
3. ಸಂಧಿವಾತ, ಥೈರಾಯ್ಡ್ ಮುಂತಾದ ಹಿಂದಿನ ಕಾಯಿಲೆಗಳನ್ನು ಹಾಗೂ ಸೇವಿಸುತ್ತಿರುವ ಸ್ಟೀರಾಯ್ಡ್ ಔಷಧವನ್ನು ವೈದ್ಯರಿಗೆ ತಿಳಿಸತಕ್ಕದ್ದು.
4. ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ತಕ್ಷಣ ವರದಿ ಮಾಡಬೇಕಾದ ಲಕ್ಷಣಗಳು
ಹೊಸದಾಗಿ ಕಾಣಿಸಿಕೊಂಡ ಒಣಕೆಮ್ಮು, ಉಬ್ಬಸ, ನಿಲ್ಲದ ಭೇದಿ, ಕಣ್ಣು ಹಳದಿಯಾಗುವುದು, ವಿಪರೀತ ಆಯಾಸ. ಇವು ಚಿಕಿತ್ಸೆ ಮುಗಿದು ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು.

ವೆಚ್ಚ
ಈ ಔಷಧಗಳು ದುಬಾರಿಯಾಗಿರುತ್ತವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ಭಾಗಕ್ಕೆ ನೆರವು ದೊರೆಯುವುದೆಂಬುದನ್ನು ಚಿಕಿತ್ಸೆ ಆರಂಭಿಸುವ ಮೊದಲೇ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ಪಡಿತರ ಚೀಟಿ, ಆಧಾರ್ ಹಾಗೂ ಬಯಾಪ್ಸಿ ವರದಿಗಳನ್ನು ಜೊತೆಯಲ್ಲಿ ತರತಕ್ಕದ್ದು.