ದುರ್ಗದಬೈಲಿನ ಪಲ್ಯ, ನಾಲಾದ ನೀರು

ಮೊನ್ನೆ ದುರ್ಗದಬೈಲಿನ್ಯಾಗ ಒಬ್ಬಾಕಿ ನನ್ನ ಪಾಲಕ್ ಸಿವುಡು ಕೈಯಾಗ ಹಿಡದು, "ನಾಲಾ ನೀರಿಂದೇನು?" ಅಂದ್ಲು. ಬಾವಿದು ಅಂದೆ. ನಂಬಲಿಲ್ಲ, ಇಟ್ಟು ಹ್ವಾದ್ಲು.

ಮೊದಲು ಊರ ಹೊಲಸು ಹೊಲಕ್ಕೇ ಬರತಿತ್ತು. ಹುಬ್ಬಳ್ಳಿ-ಧಾರವಾಡದ ಕಸದ ಗೊಬ್ಬರ ಹರಾಜಾಗತಿತ್ತು, ರೈತರು ಚಕ್ಕಡಿ ಕಟಗೊಂಡು ತರತಿದ್ರು. ಮಲದ ಗೊಬ್ಬರಕ್ಕೂ ಬೆಲೆ ಇತ್ತು, ಹೊತ್ತವರಿಗೆ ಇರಲಿಲ್ಲ. 1970ರ ದಶಕದಾಗ ಮಂತ್ರಿ ಬಸವಲಿಂಗಪ್ಪನವರು ತಲಿಮ್ಯಾಲೆ ಮಲ ಹೊರೋದನ್ನ ನಿಷೇಧಿಸಿದ್ದು ಛಲೋನ ಆತು. ಆಮ್ಯಾಲೆ ಪ್ಲಾಸ್ಟಿಕ್, ಗಾಜು ಕೂಡಿ ಕಸದ ಗೊಬ್ಬರನೂ ಬ್ಯಾಡಾತು.

ಅದೇ ಸಾರ ಈಗ ನಾಲಾದಾಗ ಹರೀತೈತಿ. ಬಿಡ್ನಾಳ, ಗಬ್ಬೂರು, ಕಟ್ನೂರು ಕಡೆ ರೈತರು ಪಂಪ್ ಇಟ್ಟು ಎತ್ತಿದರು. ಬ್ಯಾಸಗ್ಯಾಗೂ ಬತ್ತಂಗಿಲ್ಲ, ಯೂರಿಯಾ ಖರ್ಚು ಉಳೀತೈತಿ. ಆದರ ನೋಡ್ರಿ, ಆ ಸಾರಜನಕಕ್ಕ ನಲ್ಲಿ ಇಲ್ಲ. ಹೂ ಬಿಡೋ ಹೊತ್ತಿಗೂ ಬಂದು ಗಿಡ ಬರೇ ಎಲಿ ಬಿಡತೈತಿ, ಕೀಡಿ ಹತ್ತತಾವ, ಉಳಿಸಿದ ರೊಕ್ಕ ಔಷಧಕ್ಕ. ಕೆಸರಿನ್ಯಾಗ ದವಾಖಾನಿ ಸೂಜಿ ಬ್ಯಾರೆ.

ಹೊರದೇಶದಾಗ ಚರಂಡಿ ನೀರಿಗೆ ಮೆಗ್ನೀಸಿಯಂ ಹಾಕಿ, ರಂಜಕ-ಸಾರಜನಕ ಹಿಡದು, ಸ್ಟ್ರುವೈಟ್ ಅನ್ನೋ ಹರಳು ಗೊಬ್ಬರ ತಗೀತಾರ. ನಾವು ರಂಜಕದ ಕಲ್ಲು ಹಡಗಿನ್ಯಾಗ ತರಿಸಿ ಡಿಎಪಿಗೆ ಪಾಳಿ ಹಚ್ಚತೀವಿ. ಊರಿನ ರಂಜಕ ಗಬ್ಬೂರು ದಾಟಿ ಹೊಂಟೈತಿ. ಆ ಹರಳು ಚೀಲದಾಗ ಬಂದ್ರ ಮೊದಲನೇ ಚೀಲ ನಾ ಒಯ್ತೀನಿ.