ನೊಟಾಪ್ಟೆರಸ್
ಗೋದಾವರಿ, ಕೃಷ್ಣಾ ನದಿಗಳಲ್ಲಿ ಸಿಗುವ ಸಿಹಿನೀರಿನ ಮೀನು. 1769ರಲ್ಲಿ ನಿಸರ್ಗವಿಜ್ಞಾನಿ ಪಲ್ಲಾಸ್ ಇದನ್ನು ವರ್ಣಿಸಿದ. ಚಪ್ಪಟೆ ಬೆಳ್ಳಿಮೈಯ ಈ ಮೀನಿಗೆ ಬೆನ್ನ ಮೇಲೆ ಗರಿಯಂಥ ಪುಟ್ಟ ಈಜುರೆಕ್ಕೆ. ನಾಲಿಗೆಯ ಮೇಲೂ ಹಲ್ಲು. ಬೇಟೆಯನ್ನು ಅಂಗುಳಕ್ಕೆ ಒತ್ತಿ ಕಚ್ಚುವ ಈ ರೀತಿಯೇ ಅದರ ಕುಲದ ಗುರುತು. ಅಮೆಜಾನಿನ ಅರಪೈಮಾ ಕೂಡ ಇದೇ ಎಲುಬುನಾಲಿಗೆಯ ಗುಂಪಿನದು. ದಖ್ಖನ್ನಿನ ಲಾವಾ ಪದರಗಳ ನಡುವಿನ ಕೆರೆಹೂಳಿನಲ್ಲಿ, ಸುಮಾರು 6.6 ಕೋಟಿ ವರ್ಷ ಹಿಂದಿನ ಈ ಗುಂಪಿನ ಪಳೆಯುಳಿಕೆಗಳು ದೊರೆತಿವೆ. ಅವು ದಾಯಾದಿಗಳವು, ಪೂರ್ವಜರವಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಗುಂಪಿನ ಪ್ರಾಚೀನತೆಗೆ ಅಷ್ಟು ಸಾಕ್ಷಿ ಸಾಕು. ಇನ್ನು ‘ಜೀವಂತ ಪಳೆಯುಳಿಕೆ’ ಎಂಬ ಬಿರುದು ಮಾತ್ರ ಒಪ್ಪದು: ಗಾಳಿಚೀಲದಿಂದ ಉಸಿರಾಡುವುದು, ಹೊಟ್ಟೆಯಂಚಿನ ಉದ್ದ ರೆಕ್ಕೆಯನ್ನು ಅಲೆಯಾಡಿಸಿ ಹಿಂದಕ್ಕೂ ಈಜುವುದು ವಿಶೇಷ ಹೊಂದಾಣಿಕೆಗಳು. ಹಳೆಯದು ಕುಲ, ಮೀನಲ್ಲ.