ಒಂದೇ ಎಂಜಿನ್, ಎರಡು ಎಚ್‌ಪಿ: ಸಣ್ಣ ಔಟ್‌ಬೋರ್ಡ್‌ಗಳಲ್ಲಿ ಕಾರ್ಬ್ಯುರೇಟರ್ ಗಾತ್ರದ ಆಟವೇನು?

ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಕೊಳ್ಳುವವರು ಮುಚ್ಚಳದ ಮೇಲಿನ ಎಚ್‌ಪಿ ಸಂಖ್ಯೆಯನ್ನಷ್ಟೇ ನಂಬಿದರೆ ಮೋಸಹೋಗುವ ಸಾಧ್ಯತೆ ಇದೆ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಎಂಜಿನ್ ಆದರೆ.

1970ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಜಾನ್ಸನ್, ಎವಿನ್‌ರೂಡ್ ಬ್ರ್ಯಾಂಡ್‌ಗಳ 9.9 ಮತ್ತು 15 ಎಚ್‌ಪಿ ಎಂಜಿನ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಸುಮಾರು 216 ಸಿಸಿಯ, ಎರಡು ಸಿಲಿಂಡರ್‌ನ ಟೂ-ಸ್ಟ್ರೋಕ್ ಎಂಜಿನ್‌ಗಳೇ. ಮುಖ್ಯ ವ್ಯತ್ಯಾಸ ಇದ್ದದ್ದು ಕಾರ್ಬ್ಯುರೇಟರ್‌ನ ಗಾತ್ರದಲ್ಲಿ. ಅಲ್ಲಿನ ಹಲವು ಕೆರೆಗಳಲ್ಲಿ 10 ಎಚ್‌ಪಿಗಿಂತ ದೊಡ್ಡ ಎಂಜಿನ್ ಬಳಸುವಂತಿಲ್ಲ, 9.9 ಎಂಬ ವಿಚಿತ್ರ ಸಂಖ್ಯೆಗೆ ಬೇಡಿಕೆ ಬಂದಿದ್ದು ಅದರಿಂದಲೇ.

ಕಾರ್ಬ್ಯುರೇಟರ್‌ನ ಒಳಗೆ ದಾರಿ ಕಿರಿದಾಗುವ ಭಾಗವೇ ವೆಂಚುರಿ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಜೆಟ್‌ನಿಂದ ಪೆಟ್ರೋಲ್ ಮೇಲೆದ್ದು ಗಾಳಿಯಲ್ಲಿ ಬೆರೆಯುತ್ತದೆ. ಎಂಜಿನ್ 5,000 ಆರ್‌ಪಿಎಂ ಆಸುಪಾಸಿಗೆ ಬಂದಾಗ ಸಣ್ಣ ವೆಂಚುರಿಯಲ್ಲಿ ಸಾಕಷ್ಟು ಗಾಳಿ ನುಗ್ಗುವುದಿಲ್ಲ. ಸಿಲಿಂಡರ್ ಅರೆಹೊಟ್ಟೆಯಲ್ಲೇ ದುಡಿಯುತ್ತದೆ. ನಿಧಾನವಾಗಿ ಸಾಗುವಾಗ ಮಾತ್ರ ಈ ಕೊರತೆ ಗೊತ್ತೇ ಆಗದು.

ವೆಂಚುರಿ 20 ಮಿ.ಮೀ. ಬದಲು 25 ಮಿ.ಮೀ. ಆದರೆ ಗಾಳಿಯ ದಾರಿ ಶೇ. 56ರಷ್ಟು ಅಗಲವಾಗುತ್ತದೆ. ಹಾಗೆಂದು ಶಕ್ತಿ ಅಷ್ಟೇ ಏರುವುದಿಲ್ಲ, ಏಕೆಂದರೆ ರೀಡ್ ವಾಲ್ವ್, ಪೋರ್ಟ್, ಎಕ್ಸಾಸ್ಟ್‌ಗಳಿಗೂ ಅವುಗಳದೇ ಮಿತಿ ಇದೆ. ಅತಿಯಾಗಿ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಸೆಳೆತ ಸಾಲದೆ, ಥ್ರಾಟಲ್ ತಿರುಗಿಸಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ.

ಹಾಗಾದರೆ ಕಾರ್ಬ್ಯುರೇಟರ್ ಬದಲಿಸಿದರೆ 9.9 ಎಂಜಿನ್ 15 ಆಗುತ್ತದೆಯೇ? ಆ ಹಳೆಯ ಜೋಡಿಯಲ್ಲಿ ಹೆಚ್ಚುಕಡಿಮೆ ಹೌದು. ಎಲ್ಲ ಎಂಜಿನ್‌ಗಳಿಗೂ ಇದು ಅನ್ವಯಿಸದು. ಜೆಟ್ ಹೊಂದದೆ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕಾದು ಹಾಳಾಗುತ್ತದೆ. ಆಯಿಲ್ ಅನ್ನು ಪೆಟ್ರೋಲ್‌ಗೇ ಬೆರೆಸುವ ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಕೂಡ ಕಡಿಮೆಯಾಗುವುದರಿಂದ ಅಪಾಯ ಇಮ್ಮಡಿ. ಪ್ರೊಪೆಲ್ಲರ್ ಕೂಡ ಹೊಸ ಶಕ್ತಿಗೆ ತಕ್ಕುದಾಗಿರಬೇಕು. ಇಲ್ಲವಾದರೆ ಎಂಜಿನ್ ತನ್ನ ಆರ್‌ಪಿಎಂ ಮಿತಿ ಮೀರಿ ಓಡಬಹುದು. ಕರ್ನಾಟಕದ ಕರಾವಳಿಯ ನಾಡದೋಣಿಗಳಲ್ಲಿ ಪೆಟ್ರೋಲ್‌ನಿಂದ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳಿವೆ. ಪೆಟ್ರೋಲ್ ಎಂಜಿನ್‌ನ ಜೆಟ್ ಲೆಕ್ಕ ಅವಕ್ಕೆ ಒಗ್ಗುವುದಿಲ್ಲ.

ದೋಣಿಯ ಹಿಂಹಲಗೆ ಎಷ್ಟು ಎಚ್‌ಪಿ ತಡೆದುಕೊಳ್ಳುತ್ತದೆ ಎಂಬುದು ಇನ್ನೊಂದು ವಿಷಯ. 9.9ಕ್ಕೆಂದು ಮಾಡಿದ ದೋಣಿಗೆ 15ರ ಹೊಡೆತ ಕೊಡುವುದು ಜಾಣತನವಲ್ಲ.

ಹಳೆಯ ಎಂಜಿನ್ ಕೊಳ್ಳುವಾಗ ಮುಚ್ಚಳ ನೋಡಿ ದುಡ್ಡು ಎಣಿಸಬೇಡಿ, ಅದನ್ನು ಬದಲಿಸುವುದು ನಿಮಿಷದ ಕೆಲಸ. ಎಂಜಿನ್‌ನ ಪ್ಲೇಟ್ ಮೇಲಿರುವ ಮಾಡೆಲ್ ನಂಬರ್ ಬರೆದುಕೊಂಡು, ಆ ಮಾಡೆಲ್‌ಗೆ ಕಂಪನಿ ಯಾವ ಕಾರ್ಬ್ಯುರೇಟರ್ ಕೊಟ್ಟಿತ್ತು ಎಂದು ಬಿಡಿಭಾಗಗಳ ಪಟ್ಟಿಯಲ್ಲಿ ತಾಳೆ ನೋಡಿ.